ಕೆಬೆಕ್‌ನ ಫ್ರೆಂಚ್ ವಲಸೆ ರೈತನ ವಂಶಮೂಲ ಹುಡುಕುವ ಬಗೆ

ಕೆನಡಾದ ಕೆಬೆಕ್ ಪ್ರಾಂತ್ಯದಲ್ಲಿ ಇವತ್ತು ಫ್ರೆಂಚ್ ಮಾತಾಡುವ ಹೆಚ್ಚಿನ ಮನೆತನಗಳ ಬೇರು ಒಂದೇ ಕಡೆ ಸೇರುತ್ತದೆ. 1608ರಿಂದ 1760ರ ನಡುವೆ ಫ್ರಾನ್ಸ್‌ನಿಂದ ಹಡಗು ಹತ್ತಿ ಬಂದು, ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ಕಾಡು ಕಡಿದು ಗೋಧಿ ಬೆಳೆದ ಕೆಲವು ಸಾವಿರ ಜನ ಅವರು. ಆಗ ಆ ವಸಾಹತಿನ ಹೆಸರು ನ್ಯೂ ಫ್ರಾನ್ಸ್. ಜಮೀನು ಪಡೆದು ನೆಲೆ ನಿಂತ ರೈತನನ್ನು ಆಬಿತಾಂ ಎಂದು ಕರೆಯುತ್ತಿದ್ದರು. 17ನೇ ಶತಮಾನದ ಸಾಧಾರಣ ರೈತನ ಬಗ್ಗೆ ಇಷ್ಟೊಂದು ಕಾಗದಪತ್ರ ಉಳಿದಿರುವ ಜಾಗ ಪ್ರಪಂಚದಲ್ಲಿ ಕಡಿಮೆ. ಹತ್ತು-ಹನ್ನೆರಡು ತಲೆಮಾರು ಹಿಂದಕ್ಕೆ ಹೋಗುವುದು ಅಲ್ಲಿ ದೊಡ್ಡ ಸಾಹಸವೇನಲ್ಲ. ದಾಖಲೆ ಸಿಗದೆ ಕೆಲಸ ಕೆಡುವುದಕ್ಕಿಂತ, ಯಾರದ್ದೋ ದಾಖಲೆಯನ್ನು ಇನ್ಯಾರಿಗೋ ಅಂಟಿಸಿ ಕೆಡುವುದೇ ಜಾಸ್ತಿ.

ಕೆಲಸ ಎರಡು ಹಂತದ್ದು. ಮೊದಲು ಮದುವೆಯಿಂದ ಮದುವೆಗೆ ಹಿಂದಕ್ಕೆ ನಡೆದು, ಹಡಗಿನಿಂದ ಇಳಿದ ಮೊದಲ ವ್ಯಕ್ತಿಯನ್ನು ಮುಟ್ಟಬೇಕು. ಆಮೇಲೆ ಅವನ ಜಮೀನಿನ ಕಾಗದಗಳ ಬೆನ್ನು ಹತ್ತಬೇಕು. ಬಹಳ ಮಂದಿ ಮೊದಲನೆಯದಕ್ಕೇ ಕೈ ತೊಳೆದುಕೊಳ್ಳುತ್ತಾರೆ. ಅಲ್ಲಿಗೆ ಸಿಗುವುದು ಹೆಸರು-ತಾರೀಕಿನ ಪಟ್ಟಿ ಮಾತ್ರ, ಅದೂ ಸರಿಯೋ ತಪ್ಪೋ ಹೇಳುವಂತಿಲ್ಲ. ರೈತನ ವಿಷಯದಲ್ಲಿ ಚರ್ಚ್ ದಾಖಲೆಯನ್ನು ಒರೆಗೆ ಹಚ್ಚಿ ನೋಡಲು ಜಮೀನಿನ ಪತ್ರವೇ ಬೇಕು.

ಮಾಂಟ್ರಿಯಲ್ ಕಡೆ ನೆಲೆಸಿ ಅಲ್ಲಿನ ಮನೆತನದ ಜೊತೆ ಸಂಬಂಧ ಬೆಳೆಸಿದ ಕನ್ನಡಿಗರಿಗೆ ದಾಖಲೆ ಕಚೇರಿ ಹತ್ತಿರವೇ ಇದೆ. ಬೆಂಗಳೂರಿನಲ್ಲಿ ಕೂತವರಿಗೂ ಮುಕ್ಕಾಲು ಪಾಲು ಕೆಲಸ ಕಂಪ್ಯೂಟರ್‌ನಲ್ಲೇ ಮುಗಿಯುತ್ತದೆ. ಫ್ರೆಂಚ್ ಪೂರ್ತಿ ಬರಬೇಕೆಂದಿಲ್ಲ. ಈ ದಾಖಲೆಗಳ ವಾಕ್ಯ ಒಂದೇ ಅಚ್ಚಿನವು, ಐವತ್ತು-ಅರವತ್ತು ಪದ ಗುರುತು ಹಿಡಿಯಲು ಕಲಿತರೆ ಓದಿಕೊಂಡು ಹೋಗಬಹುದು.

ಮದುವೆಯಿಂದ ಮದುವೆಗೆ

ಬದುಕಿರುವವರಿಂದ ಶುರು ಮಾಡಿ. "ನಮ್ಮ ಮನೆತನ ಇಂಥ ಹೆಸರಾಂತ ವಲಸಿಗನದ್ದು" ಎಂದು ಮೊದಲೇ ತೀರ್ಮಾನಿಸಿ ಅವನಿಂದ ಕೆಳಗೆ ಇಳಿಯಲು ಹೋದರೆ ನಾಲ್ಕನೇ ತಲೆಮಾರಿಗೆ ನೂರಾರು ಕವಲು ಎದುರಾಗುತ್ತವೆ, ಬೇಕಾದ ಕಡೆಗೆ ತಿರುಗುವ ಆಸೆಯೂ ಹುಟ್ಟುತ್ತದೆ. ಅಜ್ಜ-ಅಜ್ಜಿಯ ಮದುವೆ ಎಲ್ಲಿ, ಯಾವಾಗ ಎಂಬುದನ್ನು ಮನೆಯವರಿಂದ, ಮರಣದ ಪ್ರಕಟಣೆಗಳಿಂದ ಪಡೆಯಿರಿ. ಸುಮಾರು ಕಳೆದ ನೂರು ವರ್ಷದ ಹೆಚ್ಚಿನ ದಾಖಲೆಗಳು ಸಂಬಂಧಪಟ್ಟವರಿಗಷ್ಟೇ ಸಿಗುವುದರಿಂದ ಆ ಭಾಗವನ್ನು ಮನೆಯವರೇ ತುಂಬಿಕೊಡಬೇಕು.

ಮದುವೆಯ ದಾಖಲೆಯನ್ನೇ ಹಿಡಿಯಬೇಕು ಎನ್ನಲು ಕಾರಣವಿದೆ. ಕೆಬೆಕ್‌ನ ಕ್ಯಾಥೊಲಿಕ್ ಪಾದ್ರಿ ಬರೆದ ಮದುವೆಯ ನಮೂದಿನಲ್ಲಿ ವರನ ತಂದೆ-ತಾಯಿ, ವಧುವಿನ ತಂದೆ-ತಾಯಿ, ಇಬ್ಬರ ಧರ್ಮಕೇಂದ್ರ (ಒಂದು ಚರ್ಚಿಗೆ ಸೇರಿದ ಸೀಮೆ), ಸಾಕ್ಷಿಗಳು, ಹಲವು ಸಲ ಸಾಕ್ಷಿಗೂ ವರನಿಗೂ ಇರುವ ಸಂಬಂಧ, ಎಲ್ಲವೂ ಇರುತ್ತದೆ. ಹೆಂಗಸರು ಮದುವೆಯಾದ ಮೇಲೂ ದಾಖಲೆಯಲ್ಲಿ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಾರೆ. ಮಗುವಿನ ಜ್ಞಾನಸ್ನಾನದ ನಮೂದಿನಲ್ಲೂ ತಾಯಿಯದು ತವರಿನ ಹೆಸರೇ. ಹಾಗಾಗಿ ತಾಯಿಯ ಕಡೆಯ ಸಾಲನ್ನೂ ತಂದೆಯ ಸಾಲಿನಷ್ಟೇ ಸುಲಭವಾಗಿ ಹಿಡಿಯಬಹುದು. ಪುರುಷ ಸಾಲೊಂದನ್ನೇ ಬರೆದು ಬಿಡುವುದಕ್ಕೆ ಇಲ್ಲಿ ನೆಪವೇ ಇಲ್ಲ.

ಪ್ರತಿ ವ್ಯಕ್ತಿಗೂ ಸಂಖ್ಯೆ ಕೊಡಿ. ಹುಡುಕುತ್ತಿರುವವರು 1, ತಂದೆ 2, ತಾಯಿ 3. ಮುಂದಕ್ಕೆ ಯಾರ ಸಂಖ್ಯೆಯನ್ನಾದರೂ ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. 46ರ ತಂದೆ 92, ತಾಯಿ 93. ಸೋಸಾ ಕ್ರಮ ಎನ್ನುವ ಈ ಪದ್ಧತಿ ಅಲ್ಲಿನ ಎಲ್ಲ ವಂಶಾವಳಿ ಸಂಘಗಳಿಗೂ ಗೊತ್ತು. ಒಬ್ಬನೇ ವ್ಯಕ್ತಿ ಎರಡು ಮೂರು ಸಂಖ್ಯೆಗಳಲ್ಲಿ ಬರುವುದುಂಟು, ಗಾಬರಿ ಬೇಡ. ವಲಸೆ ಬಂದವರು ಕಡಿಮೆ, ಅವರ ಮಕ್ಕಳು ಮೊಮ್ಮಕ್ಕಳು ತಮ್ಮತಮ್ಮೊಳಗೇ ಮದುವೆಯಾದವರು. ಅತಿ ಚಿಕ್ಕ ಸಂಖ್ಯೆಯನ್ನು ಮುಖ್ಯವಾಗಿಟ್ಟು ಉಳಿದವನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಡಿಎನ್‌ಎ ಪರೀಕ್ಷೆಯಲ್ಲಿ ಕೆಬೆಕ್ ಮೂಲದವರಿಗೆ ಲೆಕ್ಕವಿಲ್ಲದಷ್ಟು "ಹತ್ತಿರದ ನೆಂಟರು" ಸಿಗುವುದಕ್ಕೂ ಇದೇ ಕಾರಣ. ತೋರಿಸಿದ್ದಕ್ಕಿಂತ ನಿಜವಾದ ಸಂಬಂಧ ಎರಡು ಮೂರು ತಲೆಮಾರು ದೂರ ಇರಬಹುದು.

ರಿಜಿಸ್ಟರ್‌ನ ಚಿತ್ರಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ, ಖಾತೆ ತೆರೆದರೆ ಸಾಕು. ದ್ರುವ್ಯಾಂ ಸಂಗ್ರಹ ಎಂಬ ಮೈಕ್ರೋಫಿಲ್ಮ್ ಸರಣಿ 1621ರಿಂದ 1940ರ ದಶಕದವರೆಗಿನದು. ಜೆನಿಯಾಲಜಿ ಕೆಬೆಕ್ ತಾಣದಲ್ಲಿ ಚಂದಾ ಕಟ್ಟಿ ನೋಡಬಹುದು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಿಆರ್‌ಡಿಎಚ್ ದತ್ತಸಂಗ್ರಹ 1621ರಿಂದ 1849ರವರೆಗಿನ ಕ್ಯಾಥೊಲಿಕ್ ನಮೂದುಗಳನ್ನು ಕುಟುಂಬವಾರು ಜೋಡಿಸಿಟ್ಟಿದೆ. ದಾರಿ ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರಲ್ಲಿ ಕಂಡದ್ದನ್ನು ಬರೆದುಕೊಂಡು ಮುಗಿಸಬೇಡಿ, ಮೂಲ ಪುಟದ ಚಿತ್ರ ತೆರೆದು ನೋಡಿ. 19ನೇ ಶತಮಾನದಲ್ಲಿ ಅಚ್ಚಾದ ವಂಶಾವಳಿಗಳ ತಪ್ಪುಗಳು ಇವತ್ತಿಗೂ ಅಂತರ್ಜಾಲದ ಸಾವಿರಾರು ಕುಟುಂಬ ವೃಕ್ಷಗಳಲ್ಲಿ ಹಾಗೇ ಓಡಾಡುತ್ತಿವೆ.

ರಿಜಿಸ್ಟರ್ ಓದುವಾಗ ಎಡವುವ ಜಾಗಗಳು

ಪುಟದ ಅಂಚಿನಲ್ಲಿ ಬಿ, ಎಂ, ಎಸ್ ಎಂಬ ಅಕ್ಷರ ಕಾಣುತ್ತದೆ: ಜ್ಞಾನಸ್ನಾನ, ಮದುವೆ, ಸಮಾಧಿ. ತಾರೀಕು ಅಂಕಿಯಲ್ಲಲ್ಲದೆ ಅಕ್ಷರದಲ್ಲಿರುವುದೇ ಹೆಚ್ಚು. ತಿಂಗಳಿನ ಬಳಿ ಜಾಗ್ರತೆ. 7ರ ಪಕ್ಕ "ಬ್ರ್" ಎಂದು ಚಿಕ್ಕದಾಗಿ ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಫ್ರೆಂಚ್‌ನಲ್ಲಿ ಏಳು ಎಂದರೆ ಸೆತ್, ಏಳರ ಮುಂದೆ ಬಾಲ ಸೇರಿಸಿದರೆ ಸೆಪ್ತಾಂಬ್ರ್. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತರ ಗುರುತಿಗೆ ಅದೇ ಬಾಲವಿದ್ದರೆ ಡಿಸೆಂಬರ್. ಇದೊಂದನ್ನು ತಪ್ಪಾಗಿ ಓದಿ, ಮದುವೆಗೆ ಎರಡು ತಿಂಗಳು ಮೊದಲೇ ಮಗು ಹುಟ್ಟಿತೆಂದು ಬರೆದಿಟ್ಟ ವೃಕ್ಷಗಳು ಬೇಕಾದಷ್ಟಿವೆ.

ಜ್ಞಾನಸ್ನಾನ ಸಾಮಾನ್ಯವಾಗಿ ಹುಟ್ಟಿದ ದಿನ ಇಲ್ಲವೇ ಮರುದಿನ. ಪಾದ್ರಿ ದೂರದಲ್ಲಿದ್ದರೆ ಸೂಲಗಿತ್ತಿಯೋ ನೆರೆಯವರೋ ಮನೆಯಲ್ಲೇ ನೀರು ಹಾಕಿ, ವಾರಗಳ ನಂತರ ಚರ್ಚಿಗೆ ತರುತ್ತಿದ್ದರು. ಆಗ ನಮೂದಿನಲ್ಲಿ ಓಂದ್ವಾಯೇ ಎಂಬ ಪದ ಇರುತ್ತದೆ. ಜ್ಞಾನಸ್ನಾನದ ತಾರೀಕನ್ನು ಹುಟ್ಟಿದ ದಿನವೆಂದು ಬರೆಯಬೇಡಿ, ಇವೆರಡಕ್ಕೂ ಬೇರೆ ಬೇರೆ ಅಂಕಣ ಇಡಿ. ಮಗು ತೀರಿಕೊಂಡರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುವ ರೂಢಿ ಇತ್ತು. ಹಾಗಾಗಿ ಜ್ಞಾನಸ್ನಾನ ಸಿಕ್ಕ ತಕ್ಷಣ ಅದೇ ಧರ್ಮಕೇಂದ್ರದ ಮುಂದಿನ ಐದಾರು ವರ್ಷದ ಸಮಾಧಿ ನಮೂದುಗಳನ್ನೂ ತಿರುವಿ ಹಾಕಿ. ಎರಡನೆಯ ಮಗು ಮದುವೆಯಾಗಿ, ಸತ್ತ ಮೊದಲ ಮಗುವಿನ ಹುಟ್ಟಿದ ತಾರೀಕು ಅದಕ್ಕೆ ಅಂಟಿಕೊಂಡಿರುವುದು ಸರ್ವೇಸಾಮಾನ್ಯ.

ವಿಧವೆಯ ಅಥವಾ ವಿಧುರನ ಮದುವೆಯಲ್ಲಿ ದಾರಿ ತಟ್ಟನೆ ಕಡಿಯುತ್ತದೆ. ಎರಡನೇ ಮದುವೆಯ ನಮೂದಿನಲ್ಲಿ ತಂದೆ-ತಾಯಿಯ ಹೆಸರಿನ ಬದಲು ತೀರಿಹೋದ ಸಂಗಾತಿಯ ಹೆಸರಷ್ಟೇ ಇರುತ್ತದೆ. ಮೊದಲ ಮದುವೆ ಹುಡುಕಿ. ಅದು ಸಿಗದಿದ್ದರೆ ಎರಡನೇ ಮದುವೆಯ ಕರಾರು ಪತ್ರಕ್ಕೆ ಹೋಗಿ, ಪಾದ್ರಿ ಬಿಟ್ಟದ್ದನ್ನು ಕರಾರು ಬರೆದವನು ಬಿಟ್ಟಿರುವುದಿಲ್ಲ. ಮದುವೆ ಸಾಮಾನ್ಯವಾಗಿ ವಧುವಿನ ಊರಿನಲ್ಲಿ. ವರನ ಊರಿನ ರಿಜಿಸ್ಟರ್‌ನಲ್ಲಿ ಕಾಣಲಿಲ್ಲವೆಂದು ಕೈಚೆಲ್ಲುವ ಮೊದಲು ನದಿಯ ಆಚೆ ದಡವನ್ನೂ ನೋಡಿ.

ಸಂಬಂಧಿಕರ ನಡುವಿನ ಮದುವೆಗೆ ಚರ್ಚಿನ ಅನುಮತಿ ಬೇಕಿತ್ತು. ಅನುಮತಿ ಕೊಟ್ಟ ದರ್ಜೆ ನಮೂದಿನಲ್ಲೇ ಇರುತ್ತದೆ. ಎರಡನೇ ದರ್ಜೆ ಎಂದರೆ ಒಡಹುಟ್ಟಿದ ಇಬ್ಬರ ಮಕ್ಕಳು, ಮೂರನೆಯದು ಮೊಮ್ಮಕ್ಕಳು, ನಾಲ್ಕನೆಯದು ಮರಿಮಕ್ಕಳು. "ಮೂರರಿಂದ ನಾಲ್ಕು" ಎಂದಿದ್ದರೆ ಒಂದು ಕಡೆ ಮೊಮ್ಮಗ, ಇನ್ನೊಂದು ಕಡೆ ಮರಿಮಗಳು. ನೀವು ಕಟ್ಟಿದ ವೃಕ್ಷದಲ್ಲಿ ಆ ದಂಪತಿಯಿಂದ ಮೇಲೆ ಎಣಿಸಿದಾಗ ಅಷ್ಟೇ ಮೆಟ್ಟಿಲಿಗೆ ಇಬ್ಬರ ಸಾಲೂ ಕೂಡಬೇಕು. ಕೂಡದಿದ್ದರೆ ಎಲ್ಲೋ ಒಂದು ಕೊಂಡಿ ತಪ್ಪಿದೆ ಎಂದೇ ಅರ್ಥ. ಇಷ್ಟು ಖಚಿತವಾಗಿ ನಮ್ಮನ್ನು ತಿದ್ದುವ ಸಾಲು ರಿಜಿಸ್ಟರ್‌ನಲ್ಲಿ ಬೇರೊಂದಿಲ್ಲ, ಆದರೂ ಬಹುತೇಕರು ಅದನ್ನು ಹಾರಿಸಿ ಓದುತ್ತಾರೆ.

ಹೆಸರಿನ ಗೋಜಲು

ಕಾಗುಣಿತ ಬದಲಾಯಿತೆಂದು ಮನುಷ್ಯ ಬದಲಾಗಲಿಲ್ಲ. ಬರೆದವನು ಕಿವಿಗೆ ಕೇಳಿದ್ದನ್ನು ಬರೆದ, ರೈತನಿಗೆ ಓದು ಬಾರದು. ಫ್ರೆಂಚ್‌ನಲ್ಲಿ ಕೊನೆಯ "ಓ" ಧ್ವನಿಯನ್ನೇ ನಾಲ್ಕೈದು ರೀತಿ ಬರೆಯಬಹುದು. ಮೊದಲಿನ ಹಕಾರ ಉಚ್ಚಾರಕ್ಕಿಲ್ಲದ ಕಾರಣ ಎಬೇರ್ ಎಂಬ ಹೆಸರು ಸೂಚಿಯ ಎರಡು ಜಾಗದಲ್ಲಿ ಸಿಗುತ್ತದೆ. ಹುಡುಕುವ ಮೊದಲೇ ನಿಮ್ಮ ಮನೆತನದ ಹೆಸರಿನ ಎಲ್ಲ ರೂಪಗಳ ಪಟ್ಟಿ ಮಾಡಿಟ್ಟುಕೊಳ್ಳಿ.

ಇನ್ನೂ ದೊಡ್ಡ ತೊಡಕು "ದಿ" ಎಂಬ ಪುಟ್ಟ ಪದ. ರುವಾ ದಿ ದೆಜಾರ್ದ್ಯಾಂ ಎಂದರೆ "ದೆಜಾರ್ದ್ಯಾಂ ಎಂದು ಕರೆಸಿಕೊಳ್ಳುವ ರುವಾ". ಮಕ್ಕಳಲ್ಲಿ ಒಬ್ಬ ಮೊದಲ ಹೆಸರನ್ನು, ಇನ್ನೊಬ್ಬ ಎರಡನೆಯದನ್ನು ಇಟ್ಟುಕೊಂಡಿರಬಹುದು. ಒಬ್ಬನೇ ಮನುಷ್ಯ ಮದುವೆಯಲ್ಲಿ ಒಂದು, ಸಾವಿನಲ್ಲಿ ಇನ್ನೊಂದು ಹೆಸರಲ್ಲಿ ಇರಬಹುದು. ಸೈನಿಕರಾಗಿ ಬಂದವರಿಗಂತೂ ಪಡೆಯಲ್ಲಿ ಇಟ್ಟ ಅಡ್ಡಹೆಸರು ಕಡ್ಡಾಯ ಎನ್ನುವಷ್ಟು ಸಾಮಾನ್ಯ. ಲಾಫ್ಲೇರ್ ಎಂದರೆ ಹೂವು, ಸಾಂಸೂಸಿ ಎಂದರೆ ಚಿಂತೆಯಿಲ್ಲದವ. ಹೂವಿನ ಹೆಸರಿನ ಸೈನಿಕರು ಡಜನ್ನುಗಟ್ಟಲೆ ಇದ್ದರು, ಅವರೊಳಗೆ ರಕ್ತಸಂಬಂಧವೇನೂ ಇಲ್ಲ. ಅಮೆರಿಕಕ್ಕೆ ಹೋದ ಕವಲಿನಲ್ಲಿ ಮತ್ತೊಂದು ಪದರ ಸೇರಿತು. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಜನ ಕೆಬೆಕ್ ಬಿಟ್ಟು ಅಮೆರಿಕದ ಗಿರಣಿ ಊರುಗಳಿಗೆ ಹೋದರು. ಬ್ವಾವೇರ್ ಗ್ರೀನ್‌ವುಡ್ ಆದ, ಲೆಬ್ಲಾಂ ವೈಟ್ ಆದ, ರುವಾ ಕಿಂಗ್ ಆದ. ಅಲ್ಲಿಂದ ಶುರು ಮಾಡುವವರು ಮೊದಲು ಅಮೆರಿಕದ ಫ್ರೆಂಚ್ ಕ್ಯಾಥೊಲಿಕ್ ಚರ್ಚಿನ ಮದುವೆಯ ನಮೂದು ಹಿಡಿಯಬೇಕು. ಸರ್ಕಾರಿ ಕಾಗದದಲ್ಲಿ ಇಂಗ್ಲಿಷ್ ಹೆಸರಿದ್ದರೂ ಪಾದ್ರಿ ಹಳೆಯದನ್ನೇ ಬರೆದಿರುತ್ತಾನೆ.

ಜನಗಣತಿ: ಮೂರೇ ಮೂರು, ಆದರೆ ಚಿನ್ನದಂಥವು

ಆಡಳಿತಾಧಿಕಾರಿ ಜಾಂ ತಾಲೋಂ 1666ರಲ್ಲಿ ಮನೆಮನೆಗೆ ಹೋಗಿ ಮಾಡಿಸಿದ ಗಣತಿಯಲ್ಲಿ 3,215 ಜನರ ಹೆಸರು, ವಯಸ್ಸು, ಕಸುಬು ಇದೆ. ಬಿಟ್ಟುಹೋದವರು ತುಂಬ ಎಂದು ಮರುವರ್ಷ ಮತ್ತೆ ಮಾಡಿಸಿದರು. 1667ರ ಈ ಪಟ್ಟಿಯೇ ರೈತನ ವಂಶ ಹುಡುಕುವವರಿಗೆ ಹೆಚ್ಚು ಬೆಲೆಯದ್ದು. ಎಷ್ಟು ದನ, ಎಷ್ಟು ಆರ್ಪಾಂ (ಆಗಿನ ಜಮೀನಿನ ಅಳತೆ) ಸಾಗುವಳಿ ಎಂಬುದೂ ಅದರಲ್ಲಿದೆ. 1681ರದ್ದರಲ್ಲಿ ಬಂದೂಕಿನ ಲೆಕ್ಕವೂ ಸೇರಿತು. ಆಮೇಲೆ ಮನೆಯ ಎಲ್ಲರ ಹೆಸರಿರುವ ಇಡೀ ವಸಾಹತಿನ ಗಣತಿಗೆ 1851ರವರೆಗೂ ಕಾಯಬೇಕು.

ಮೂರರಲ್ಲೂ ವಯಸ್ಸನ್ನು ನಂಬಬೇಡಿ. ಒಂದು ವರ್ಷದ ಅಂತರದ ಎರಡು ಗಣತಿಯಲ್ಲಿ ಒಬ್ಬನೇ ಐದು ವರ್ಷ ದೊಡ್ಡವನಾಗಿರುತ್ತಾನೆ, ಇಲ್ಲವೇ ಚಿಕ್ಕವನಾಗಿರುತ್ತಾನೆ. ಸಾಗುವಳಿಯ ಅಂಕಿ ಮಾತ್ರ ಒಳ್ಳೆಯ ಅಳತೆಗೋಲು. ಕೊಡಲಿ ಹಿಡಿದ ಒಬ್ಬ ರೈತ ವರ್ಷಕ್ಕೆ ಒಂದರಿಂದ ಎರಡು ಆರ್ಪಾಂ ಕಾಡು ತೆಗೆಯಬಲ್ಲ. 1667ರಲ್ಲಿ 10 ಆರ್ಪಾಂ ಗದ್ದೆಯಿದ್ದವನು ಹೋದ ವರ್ಷ ಹಡಗಿಳಿದವನಾಗಿರಲು ಸಾಧ್ಯವಿಲ್ಲ. ಅವನು ಅಲ್ಲಿ ಕನಿಷ್ಠ ಐದಾರು ವರ್ಷ ದುಡಿದಿದ್ದಾನೆ, ಇಲ್ಲವೇ ಯಾರೋ ತೆಗೆದ ಜಮೀನನ್ನು ಕೊಂಡಿದ್ದಾನೆ. ಕೊಂಡಿದ್ದರೆ ಕ್ರಯಪತ್ರ ಇರಲೇಬೇಕು.

ಜಮೀನಿನ ಕಾಗದಗಳು

ಜಮೀನೆಲ್ಲ ಫ್ರಾನ್ಸ್‌ನ ದೊರೆಗೆ ಸೇರಿದ್ದು. ಅದನ್ನು ಸೆನ್ಯೂರಿ ಎಂಬ ದೊಡ್ಡ ಹಿಡುವಳಿಗಳಾಗಿ ಸೆನ್ಯೂರ್ ಎಂಬ ಒಡೆಯರಿಗೆ ಕೊಟ್ಟಿದ್ದರು, ಒಡೆಯ ಅದನ್ನು ರೈತರಿಗೆ ಹಂಚುತ್ತಿದ್ದ. ವೆಂದಾತ್, ಅಬೆನಾಕಿ ಮುಂತಾದ ಮೂಲನಿವಾಸಿಗಳ ನಾಡನ್ನು ಕೇಳದೆ ಹಂಚಿದ ಭೂಮಿ ಅದು. ವಂಶದ ಕಥೆ ಬರೆಯುವಾಗ "ಖಾಲಿ ಕಾಡು" ಎಂದು ಬರೆದರೆ ಅದು ಸುಳ್ಳಾಗುತ್ತದೆ.

ರೈತನ ಪಾಲು ನದಿಗೆ ಮುಖ ಮಾಡಿದ ಉದ್ದನೆಯ ಪಟ್ಟಿ. ಅಗಲ ಮೂರು-ನಾಲ್ಕು ಆರ್ಪಾಂ, ಒಳಕ್ಕೆ ಮೂವತ್ತು-ನಲವತ್ತು. ಒಂದು ಆರ್ಪಾಂ ಉದ್ದ 58.47 ಮೀಟರ್, ಅಂದರೆ ಸುಮಾರು 192 ಅಡಿ. ಅದೇ ಪದ ವಿಸ್ತೀರ್ಣಕ್ಕೂ ಬರುತ್ತದೆ: ಒಂದು ಚದರ ಆರ್ಪಾಂ ಹೆಚ್ಚುಕಡಿಮೆ 34 ಗುಂಟೆ. 3ಕ್ಕೆ 30ರ ಪಟ್ಟಿ ಎಂದರೆ 90 ಚದರ ಆರ್ಪಾಂ, ಸುಮಾರು 76 ಎಕರೆ. ಪತ್ರದಲ್ಲಿ "ಮೂರು ಆರ್ಪಾಂ ಜಮೀನು" ಎಂದಷ್ಟೇ ಇದ್ದರೆ ಅದು ಬಹುಪಾಲು ನದಿಮುಖದ ಅಗಲ. ಎರಡೂವರೆ ಎಕರೆಯ ಬಡವ ಎಂದುಕೊಂಡು ಬಿಟ್ಟೀರಿ.

ಈ ಪತ್ರಗಳನ್ನೆಲ್ಲ ಬರೆದಿಟ್ಟವರು ನೋಟರಿಗಳು. ನಮ್ಮಲ್ಲಿ ನೋಟರಿ ಎಂದರೆ ಮುದ್ರೆ ಹಾಕಿ ದೃಢೀಕರಿಸುವ ವಕೀಲ. ಅಲ್ಲಿನ ನೋಟರಿ ಪತ್ರ ಬರಹಗಾರನೂ ಹೌದು, ಉಪನೋಂದಣಾಧಿಕಾರಿಯೂ ಹೌದು ಎಂಬಂತೆ. ಮೂಲಪ್ರತಿ ಅವನ ಬಳಿಯೇ ಉಳಿಯುತ್ತಿತ್ತು, ಅವನು ಸತ್ತ ಮೇಲೆ ಆ ಕಟ್ಟುಗಳು ನ್ಯಾಯಾಲಯಕ್ಕೆ ಸೇರುತ್ತಿದ್ದವು. ಹಾಗಾಗಿ ದಾಖಲೆ ಕಚೇರಿಯಲ್ಲಿ ಪತ್ರಗಳನ್ನು ಜೋಡಿಸಿರುವುದು ಊರಿನ ಹೆಸರಿನಲ್ಲಲ್ಲ, ನೋಟರಿಯ ಹೆಸರಿನಲ್ಲಿ. ಬೋಪೋರ್, ಬೋಪ್ರೇ, ಓರ್ಲೆಯಾಂ ದ್ವೀಪದ ರೈತನಾದರೆ ಪೋಲ್ ವಾಶೋಂ, ಕ್ಲೋದ್ ಓಬೇರ್. ತ್ರ್ವಾ-ರಿವಿಯೇರ್ ಆದರೆ ಸೆವೆರ್ಯಾಂ ಅಮೋ. ಮಾಂಟ್ರಿಯಲ್ ಆದರೆ ಬೆನಿಞ್ ಬಾಸೆ. ಪಾರ್ಶ್‌ಮ್ಯಾಂ ಎಂಬ ಸೂಚಿ 1626ರಿಂದ 1801ರವರೆಗಿನ ಪತ್ರಗಳನ್ನು ಕಕ್ಷಿಗಾರರ ಹೆಸರಿನ ಮೇಲೆ ಹುಡುಕಿಕೊಡುತ್ತದೆ. ಅದರಲ್ಲಿ ಸಿಗುವುದು ಸಾರಾಂಶ ಮಾತ್ರ. ಮೂಲದ ಚಿತ್ರಕ್ಕೆ ಕೆಬೆಕ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆ ಸಂಸ್ಥೆಯ ತಾಣಕ್ಕೆ ಹೋಗಬೇಕು.

ಹಂಚಿಕೆ ಪತ್ರದಲ್ಲಿ ಮೊದಲು ಓದಬೇಕಾದದ್ದು ಚಕ್ಕುಬಂದಿ: ಒಂದು ಕಡೆ ಇಂಥವನ ಜಮೀನು, ಇನ್ನೊಂದು ಕಡೆ ಇಂಥವನದು. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ನೆರೆಯವರೇ ಸಾಕು. ಹೆಸರು ಒಂದೇ, ನೆರೆಯವರು ಬೇರೆ ಎಂದರೆ ಆಸಾಮಿಯೇ ಬೇರೆ. ಪತ್ರದ ತಾರೀಕನ್ನು ನೆಲೆ ನಿಂತ ತಾರೀಕು ಎಂದುಕೊಳ್ಳಬೇಡಿ. ಒಡೆಯನ ಕೈಚೀಟಿ ಹಿಡಿದು ಕಾಡಿಗೆ ಇಳಿದು, ನಾಲ್ಕಾರು ವರ್ಷ ದುಡಿದ ಮೇಲೆ ಪತ್ರ ಮಾಡಿಸಿಕೊಂಡವರು ಬಹಳ. ಮುಂದೆ ಕಂದಾಯದ ಸಾಲು ಬರುತ್ತದೆ: ಚದರ ಆರ್ಪಾಂಗೆ ಒಂದಿಷ್ಟು ಕಾಸು, ಜೊತೆಗೆ ನದಿಮುಖದ ಪ್ರತಿ ಆರ್ಪಾಂಗೆ 20 ಸೋಲ್ ಮತ್ತು ಜೀವಂತ ಕೋಳಿಹುಂಜ. 20 ಸೋಲ್‌ಗೆ ಒಂದು ಲೀವ್ರ್. 1717ಕ್ಕೆ ಮೊದಲಿನ ಪತ್ರವಾದರೆ "ನಾಡಿನ ಹಣ"ವೋ ಫ್ರಾನ್ಸ್‌ನ ಹಣವೋ ನೋಡಿ. ನಾಡಿನ ಲೀವ್ರ್‌ಗೆ ಫ್ರಾನ್ಸ್‌ನ ಮುಕ್ಕಾಲು ಬೆಲೆ. ಗಿರಣಿಯಲ್ಲಿ ಬೀಸಿದ ಕಾಳಿನಲ್ಲಿ ಹದಿನಾಲ್ಕರಲ್ಲಿ ಒಂದು ಪಾಲು, ಜಮೀನು ಮಾರಿದರೆ ಬೆಲೆಯ ಹನ್ನೆರಡರಲ್ಲಿ ಒಂದು ಪಾಲು ಒಡೆಯನಿಗೆ. ಚರ್ಚಿಗೆ ಕಾಳಿನ ಇಪ್ಪತ್ತಾರರಲ್ಲಿ ಒಂದು ಪಾಲು. ಈ ವ್ಯವಸ್ಥೆ 1854ರವರೆಗೆ ಇತ್ತು, ಆದ್ದರಿಂದ ಒಡೆಯರ ಖಾತೆ ಪುಸ್ತಕಗಳೂ ಆ ವರ್ಷದವರೆಗೆ ರೈತನ ಜಾಡು ಹಿಡಿದಿವೆ. ಬೋಪ್ರೇ ಒಡೆತನ ಕೆಬೆಕ್‌ನ ಸೆಮಿನರಿಯದು, ಮಾಂಟ್ರಿಯಲ್ ದ್ವೀಪದ್ದು ಸುಲ್ಪಿಸಿಯನ್ ಪಾದ್ರಿಗಳದು. ಧಾರ್ಮಿಕ ಸಂಸ್ಥೆಗಳು ಲೆಕ್ಕ ಚೆನ್ನಾಗಿ ಇಟ್ಟಿವೆ.

ಎಲ್ಲಕ್ಕಿಂತ ಹೆಚ್ಚು ಹೇಳುವ ಪತ್ರ ಮರಣಾನಂತರದ ಆಸ್ತಿಪಟ್ಟಿ. ಗಂಡನೋ ಹೆಂಡತಿಯೋ ತೀರಿಕೊಂಡಾಗ, ಬಹಳ ಸಲ ಉಳಿದವರು ಮರುಮದುವೆಯಾಗುವ ಮುಂಚೆ, ನೋಟರಿ ಮನೆಗೆ ಬಂದು ಪಾತ್ರೆ, ಕೊಡಲಿ, ಹಾಸಿಗೆ, ಕಣಜದ ಗೋಧಿ, ಎತ್ತಿನ ವಯಸ್ಸು ಎಲ್ಲವನ್ನೂ ಬೆಲೆ ಸಮೇತ ಬರೆಯುತ್ತಿದ್ದ. ಗೋಧಿಯ ಅಳತೆ ಮಿನೋ, ಒಂದಕ್ಕೆ ಸುಮಾರು 39 ಲೀಟರ್. ಇದನ್ನು ಕೊನೆಯಿಂದ ಓದಲು ಶುರು ಮಾಡಿ. ಕೊನೆಯ ಹಾಳೆಗಳಲ್ಲಿ "ಪತ್ರಗಳು ಮತ್ತು ಕಾಗದಗಳು" ಎಂಬ ತಲೆಬರಹದಡಿ ಮನೆಯ ಪೆಟ್ಟಿಗೆಯಲ್ಲಿದ್ದ ಪ್ರತಿ ಹಳೆಯ ಪತ್ರವೂ ತಾರೀಕು ಮತ್ತು ನೋಟರಿಯ ಹೆಸರಿನೊಂದಿಗೆ ಇರುತ್ತದೆ: ಮದುವೆಯ ಕರಾರು, ಹಂಚಿಕೆ, ಕ್ರಯ, ಸಾಲ ತೀರಿದ ರಸೀದಿ. ಇಡೀ ಮನೆತನದ ದಾಖಲೆಗಳ ಸೂಚಿಯನ್ನೇ ಒಬ್ಬರು ಮಾಡಿಕೊಟ್ಟಂತೆ.

ವಸಾಹತಿನಲ್ಲಿ ಜಾರಿಯಲ್ಲಿದ್ದ ಪ್ಯಾರಿಸ್ ಕಟ್ಟಳೆಯ ಪ್ರಕಾರ ಸಾಮಾನ್ಯ ರೈತನ ಆಸ್ತಿ ಹೆಣ್ಣು-ಗಂಡು ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸಮಪಾಲು. ಹಾಗೆ ಹಂಚಿದರೆ ಒಬ್ಬೊಬ್ಬನಿಗೆ ಎತ್ತಿನ ಬಂಡಿ ತಿರುಗಿಸಲೂ ಜಾಗ ಉಳಿಯದು. ಅದಕ್ಕೆ ಒಬ್ಬ ಮಗನೋ ಅಳಿಯನೋ ಉಳಿದವರ ಪಾಲನ್ನು ಕೊಳ್ಳುತ್ತಿದ್ದ. ಆ ಹಕ್ಕುಬಿಡುಗಡೆ ಪತ್ರಗಳಲ್ಲಿ ಬದುಕಿದ್ದ ಅಣ್ಣ-ತಮ್ಮ, ಅಕ್ಕ-ತಂಗಿ, ಭಾವ-ಮೈದುನರೆಲ್ಲ ಹೆಸರು, ಊರು ಸಮೇತ ಸಾಲಾಗಿ ನಿಲ್ಲುತ್ತಾರೆ. ವಯಸ್ಸಾದ ತಂದೆ-ತಾಯಿ ಒಬ್ಬ ಮಗನಿಗೆ ದಾನಪತ್ರ ಬರೆದು, ಬದಲಿಗೆ ವರ್ಷಕ್ಕೆ ಇಷ್ಟು ಮಿನೋ ಗೋಧಿ, ಒಂದು ಕೊಬ್ಬಿದ ಹಂದಿ, ಇಷ್ಟು ಸೌದೆ, ಸತ್ತ ಮೇಲೆ ಇಷ್ಟು ಪೂಜೆ ಎಂದು ಷರತ್ತು ಹಾಕುವುದೂ ಇತ್ತು. ಆ ಮಗ ಹಿರಿಯನೇ ಆಗಿರಬೇಕಿಲ್ಲ. 25 ತುಂಬದ ಮಕ್ಕಳನ್ನು ಬಿಟ್ಟು ತಂದೆ ತೀರಿಕೊಂಡರೆ ಏಳು ಜನ ನೆಂಟರು-ಇಷ್ಟರು ಸೇರಿ ಪೋಷಕನನ್ನು ಆರಿಸುತ್ತಿದ್ದರು. ಆ ಕಾಗದ ನೋಟರಿಯ ಕಟ್ಟಿನಲ್ಲಿ ಸಿಗದಿದ್ದರೆ ನ್ಯಾಯಾಲಯದ ಕಡತದಲ್ಲಿ ನೋಡಿ. ಮಗುವಿಗೆ ಸೋದರಮಾವ ಯಾರು, ಚಿಕ್ಕಪ್ಪ ಯಾರು ಎಂಬುದು ಅಲ್ಲಿ ಬಿಡಿಸಿ ಬರೆದಿರುತ್ತದೆ.

ಮದುವೆಯ ಕರಾರಿನಲ್ಲಿ ಒಂದು ಬಲೆ ಇದೆ. ಕರಾರು ಆಯಿತೆಂದರೆ ಮದುವೆ ಆಯಿತೆಂದಲ್ಲ. 1663ರಿಂದ 1673ರ ನಡುವೆ ದೊರೆಯ ಖರ್ಚಿನಲ್ಲಿ ಬಂದ ಸುಮಾರು 770 ಹೆಣ್ಣುಮಕ್ಕಳಲ್ಲಿ ಹಲವರು ಒಬ್ಬನ ಜೊತೆ ಕರಾರು ಮಾಡಿ, ರದ್ದು ಮಾಡಿ, ಇನ್ನೊಬ್ಬನನ್ನು ಮದುವೆಯಾದರು. ರದ್ದಾದ ಸಾಲು ಸಾಮಾನ್ಯವಾಗಿ ಅದೇ ಪತ್ರದ ಅಂಚಿನಲ್ಲೋ ಕೊನೆಯಲ್ಲೋ ಇರುತ್ತದೆ. ಪೂರ್ತಿ ಪುಟ ನೋಡದೆ ಸೂಚಿಯಿಂದ ಎತ್ತಿಕೊಂಡರೆ ಇಲ್ಲದ ಗಂಡನೊಬ್ಬ ವೃಕ್ಷಕ್ಕೆ ಸೇರುತ್ತಾನೆ.

1709ರಲ್ಲಿ ಗೆದೆಯೋಂ ದ ಕಾತಲೋಞ್ ತಯಾರಿಸಿದ ನಕ್ಷೆಗಳಲ್ಲಿ ಕೆಬೆಕ್ ಮತ್ತು ತ್ರ್ವಾ-ರಿವಿಯೇರ್ ಕಡೆಯ ಪಟ್ಟಿಗಳ ಮೇಲೆ ರೈತರ ಹೆಸರೇ ಬರೆದಿದೆ. 1720ರಿಂದ 1740ರ ದಶಕಗಳಲ್ಲಿ ಒಡೆಯರು ದೊರೆಗೆ ಸಲ್ಲಿಸಿದ ವಿವರಪಟ್ಟಿಗಳು ನದಿಯ ಗುಂಟ ಮನೆ ಮನೆಯಾಗಿ ಸಾಗುತ್ತವೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು, ನೆರೆಯವರ ಸಾಲು ಹೊಂದುತ್ತದೆಯೇ ನೋಡಿದರೆ ಜಮೀನು ಯಾವ ಕೈಯಿಂದ ಯಾವ ಕೈಗೆ ಹೋಯಿತೆಂಬುದು ಸ್ಪಷ್ಟ.

ಒಂದು ನಿದರ್ಶನ

ಫ್ರಾನ್ಸ್‌ನ ಪೆರ್ಶ್ ಸೀಮೆಯ ಬಡಗಿ ಜಕಾರಿ ಕ್ಲೂತಿಯೇ 1634 ಮಾರ್ಚ್ 14ರಂದು ಮೊರ್ತಾಞ್‌ನಲ್ಲಿ ಬೋಪೋರ್‌ನ ಒಡೆಯ ರೊಬೇರ್ ಜಿಫಾರ್ ಜೊತೆ ಕರಾರು ಮಾಡಿಕೊಂಡು ಕೆಬೆಕ್‌ಗೆ ಬಂದ. ಜೊತೆಗೆ ಕಲ್ಲುಕುಟಿಗ ಜಾಂ ಗುಯೋಂ ಕೂಡ ಇದ್ದ. ಕ್ಲೂತಿಯೇ ಸಹಿ ಕೊಡಲಿಯ ಗುರುತು. ಓದು ಬಾರದವನೆಂಬುದಕ್ಕೂ, ಪತ್ರ ಅವನದೇ ಎಂಬುದಕ್ಕೂ ಆ ಒಂದು ಗುರುತೇ ಸಾಕ್ಷಿ. ಮಗಳು ಆನ್‌ಗೂ ರೊಬೇರ್ ದ್ರುವ್ಯಾಂಗೂ 1636 ಜುಲೈ 27ರಂದು ಮದುವೆಯ ಕರಾರಾಯಿತು, ಬರೆದವನು ಗುಯೋಂ. ಅಲ್ಲಿ ಉಳಿದುಬಂದ ಮದುವೆ ಕರಾರುಗಳಲ್ಲಿ ಇದೇ ಮೊದಲಿನದು. ಹುಡುಗಿಗೆ ಆಗ ಹತ್ತು ವರ್ಷ. ಮದುವೆ 1637 ಜುಲೈ 12ರಂದು. ಆದರೆ 1640ರ ಜೂನ್‌ನಲ್ಲಿ ಕೆಬೆಕ್ ನಗರದ ಚರ್ಚ್ ಸುಟ್ಟು ರಿಜಿಸ್ಟರ್ ಬೂದಿಯಾಯಿತು. ಈಗ ಇರುವ ಹಳೆಯ ನಮೂದುಗಳು ಜನರ ನೆನಪಿನಿಂದ ಮತ್ತೆ ಬರೆಸಿದವು, ಹಾಗಾಗಿ 1640ಕ್ಕೆ ಮೊದಲಿನ ಚರ್ಚ್ ತಾರೀಕಿಗಿಂತ ಕರಾರಿನ ತಾರೀಕಿಗೆ ಹೆಚ್ಚು ತೂಕ. ಕ್ಲೂತಿಯೇ 1670ರಲ್ಲಿ ಬೋಪೋರ್‌ನ ಹಿಡುವಳಿ ಮಾರಿ ಶಾತೋ-ರಿಶೆಯಲ್ಲಿ ನೆಲೆಸಿ 1677ರಲ್ಲಿ ತೀರಿಕೊಂಡ. ಪಿಆರ್‌ಡಿಎಚ್ ಲೆಕ್ಕದಲ್ಲಿ 1800ರ ಹೊತ್ತಿಗೆ ಅವನ ವಂಶದಲ್ಲಿ ಮದುವೆಯಾದವರೇ ಹತ್ತು ಸಾವಿರ ದಾಟಿದ್ದರು. ಕೆಬೆಕ್ ಮೂಲದ ಯಾರ ವೃಕ್ಷದಲ್ಲಾದರೂ ಅವನು ಬರುವ ಸಂಭವವಿದೆ, ಆದ್ದರಿಂದಲೇ "ಅವನೇ ಇರಬೇಕು" ಎಂಬ ಊಹೆಯಿಂದ ಜೋಡಿಸುವ ಚಪಲವೂ ಹೆಚ್ಚು.

ಸಮುದ್ರ ದಾಟಿ ಹಿಂದಕ್ಕೆ

ವಲಸಿಗನ ಮದುವೆಯ ನಮೂದು ಅಥವಾ ಕರಾರಿನಲ್ಲಿ ಫ್ರಾನ್ಸ್‌ನ ಧರ್ಮಕೇಂದ್ರ, ಧರ್ಮಪ್ರಾಂತ್ಯ (ಒಬ್ಬ ಬಿಷಪ್‌ನ ಆಡಳಿತದ ಸೀಮೆ) ಎರಡೂ ಇದ್ದರೆ ಕೆಲಸ ಸಲೀಸು. ಮೊದಲು ಫಿಶಿಯೇ ಒರಿಜಿನ್ ಎಂಬ ಉಚಿತ ತಾಣದಲ್ಲಿ ನೋಡಿ, ಮೂಲ ದಾಖಲೆ ಪತ್ತೆಯಾದ ವಲಸಿಗರು ಅದರಲ್ಲಿದ್ದಾರೆ. ಅಲ್ಲಿಲ್ಲದಿದ್ದರೆ ಆಯಾ ಜಿಲ್ಲೆಯ ದಾಖಲೆ ಕಚೇರಿ. ಪೆರ್ಶ್‌ನ ಬಹುಭಾಗ ಈಗಿನ ಓರ್ನ್ ಜಿಲ್ಲೆ, ಬಂದರು ಊರು ಲಾ ರೊಶೆಲ್ ಇರುವುದು ಶಾರಾಂತ್-ಮಾರಿತೀಮ್‌ನಲ್ಲಿ. ಈಗಿನ ಜಿಲ್ಲೆಗಳು ಹುಟ್ಟಿದ್ದು 1790ರಲ್ಲಿ, ಹಳೆಯ ಧರ್ಮಪ್ರಾಂತ್ಯದ ಗಡಿಗೂ ಅವಕ್ಕೂ ತಾಳೆಯಿಲ್ಲ. ಸ್ಯಾಂ-ಮಾರ್ತ್ಯಾಂ ಹೆಸರಿನ ಊರುಗಳು ಹತ್ತಾರು. ಧರ್ಮಪ್ರಾಂತ್ಯ ನೋಡದೆ ಊರು ಗುರುತಿಸಬೇಡಿ.

ಫ್ರಾನ್ಸ್‌ನಲ್ಲಿ 1539ರ ಆದೇಶ ಜ್ಞಾನಸ್ನಾನ ಬರೆದಿಡಲು ಹೇಳಿತು, 1579ರದ್ದು ಮದುವೆ ಮತ್ತು ಸಮಾಧಿಯನ್ನು ಸೇರಿಸಿತು, 1667ರದ್ದು ಎರಡು ಪ್ರತಿ ಮಾಡಲು ಹೇಳಿತು. ಎಲ್ಲಾ ಊರಿನಲ್ಲೂ ಉಳಿದಿವೆ ಎಂದಲ್ಲ. ಪ್ಯಾರಿಸ್‌ನ ರಿಜಿಸ್ಟರ್‌ಗಳು 1871ರ ಮೇ ತಿಂಗಳಲ್ಲಿ ಸುಟ್ಟವು, ಮಾಂಶ್ ಜಿಲ್ಲೆಯ ದಾಖಲೆ ಕಚೇರಿಯಲ್ಲಿದ್ದವು 1944ರ ಜೂನ್‌ನಲ್ಲಿ ಸ್ಯಾಂ-ಲೋ ಊರಿನ ಜೊತೆಗೇ ಹೋದವು. ಅಂಥ ಕಡೆಯವರಾದರೆ ಉಳಿದ ದಾರಿ ಮತ್ತೆ ನೋಟರಿಯದ್ದೇ. ಮೂರು ವರ್ಷದ ಕೂಲಿ ಕರಾರಿನಲ್ಲಿ ಬಂದವರನ್ನು "ಮೂವತ್ತಾರು ತಿಂಗಳವರು" ಎನ್ನುತ್ತಿದ್ದರು. ಅವರ ಕರಾರುಗಳು ಲಾ ರೊಶೆಲ್‌ನ ನೋಟರಿ ಕಟ್ಟುಗಳಲ್ಲಿವೆ. 1665ರಲ್ಲಿ ಬಂದ ಕಾರಿಞಾಂ-ಸಾಲಿಯೇರ್ ಪಡೆಯ ಸುಮಾರು 1,200 ಸೈನಿಕರಲ್ಲಿ 400ರಷ್ಟು ಮಂದಿ ಅಲ್ಲೇ ಉಳಿದು ರೈತರಾದರು. ಕೆಬೆಕ್‌ನ ಓತೆಲ್-ದಿಯೂ ಆಸ್ಪತ್ರೆಯ ರೋಗಿಗಳ ಪುಸ್ತಕ 1689ರಿಂದ ಸಿಗುತ್ತದೆ, ರೋಗಿಯ ವಯಸ್ಸು ಮತ್ತು ಹುಟ್ಟೂರು ಅದರಲ್ಲಿರುವುದರಿಂದ ಬೇರೆಲ್ಲೂ ಊರು ಸಿಗದವರಿಗೆ ಅದೊಂದು ಆಸರೆ. ಕೆನಡಾದ ಪೂರ್ವ ಕರಾವಳಿಯ ಇನ್ನೊಂದು ಫ್ರೆಂಚ್ ವಸಾಹತಾದ ಅಕಾಡಿಯಾದವರ ದಾರಿಯೇ ಬೇರೆ. 1755ರಿಂದ ಅವರನ್ನು ಬ್ರಿಟಿಷರು ಹೊರಹಾಕಿದಾಗ ಎಷ್ಟೋ ರಿಜಿಸ್ಟರ್ ಕಳೆದುಹೋದವು, ಅಲ್ಲಿಗೆ 1671ರ ಗಣತಿಯೇ ಮೊದಲ ಮೆಟ್ಟಿಲು.

ಹೆಸರು, ವಯಸ್ಸು ಹೊಂದುವ ಜ್ಞಾನಸ್ನಾನ ಸಿಕ್ಕ ಕೂಡಲೇ ಬರೆದುಕೊಳ್ಳಬೇಡಿ. ಆ ಮಗು ಅದೇ ಊರಲ್ಲಿ ದೊಡ್ಡವನಾಗಿ ಮದುವೆಯಾಗಿಲ್ಲ, ಸತ್ತಿಲ್ಲ ಎಂದು ನೋಡಿ. ಕೆಬೆಕ್‌ನ ನಮೂದಿನಲ್ಲಿರುವ ತಾಯಿಯ ತವರಿನ ಹೆಸರೂ ಹೊಂದಬೇಕು. ತಂದೆಯ ಹೆಸರು ಮಾತ್ರ ಹೊಂದಿ ತಾಯಿಯದು ಹೊಂದದಿದ್ದರೆ ಅದನ್ನು ಪೆನ್ಸಿಲ್‌ನಲ್ಲಿ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಯಾವ ಪುಟದ ಯಾವ ನಮೂದು ಎಂಬುದನ್ನೂ ಸೇರಿಸಿಡಿ. ತಾಯಿಯ ಹೆಸರು ಇನ್ನೊಂದು ಪತ್ರದಲ್ಲಿ ಸಿಗುವವರೆಗೆ ಆ ಚಿಹ್ನೆ ಅಳಿಸಬೇಡಿ.